ಎದೆಯ ಮೇಲಿನ ನೀಲಿ

ಬಿಸಿನೀರು ಹುಯ್ಯುತ್ತಿದ್ದ ಸಿದ್ದರಾಮೇಶನ ಕೈ ತಟ್ಟನೆ ನಿಂತಿತು. ಸತ್ತ ಅಣ್ಣ ಗ್ಯಾನಪ್ಪನ ಎದೆ ನೀಲಿಗಟ್ಟಿತ್ತು. ಮುಟ್ಟಿದರೆ ಪಕ್ಕೆಲುಬು ಒಳಕ್ಕೆ ಕುಸಿಯಿತು.

“ಹಾರ್ಟ್ ಅಟ್ಯಾಕ್ ಅಂದ್ರಿ, ಇದೇನಿದು? ನಮ್ಮಣ್ಣನ್ನ ಯಾರೋ ಬಡದಾರ. ಪೊಲೀಸರು ಬರೋತನಕ ಹೆಣ ಎತ್ತಾಂಗಿಲ್ಲ!”

ಪಾಮನಕಲ್ಲೂರಿನ ಆ ಅಂಗಳದಲ್ಲಿ ಗದ್ದಲವೆದ್ದಿತು. ಬಡಿದವನು ಯಾರೆಂದು ಆಗಲೇ ಹೆಸರು ಹಿಡಿದು ಹೇಳುವವರೂ ಹುಟ್ಟಿಕೊಂಡರು. ನಮ್ಮ ಜನಕ್ಕೆ ಅದೇನು ಕಷ್ಟ? ಗ್ಯಾನಪ್ಪನ ಜೊತೆ ದುಡಿದ ಮಸ್ಕಿಯ ಆಂಬುಲೆನ್ಸಿನವರು ಮಾತ್ರ ಬೇಲಿಯ ಬಳಿ ಬಾಯಿ ಬಿಡದೆ ನಿಂತಿದ್ದರು.

“ಎದಿ ಒತ್ತಿದ್ದು ನೀನ ಅಂತ ಹೇಳು, ಅಷ್ಟ ಸಾಕು,” ಡ್ರೈವರ್ ಮೌಲಾಹುಸೇನ ಆಂಬುಲೆನ್ಸಿನ ನರ್ಸ್ ನಾಹಿದಾಳ ಕಿವಿಯಲ್ಲಿ ಹೇಳಿದ. “ಉಳಿದಿದ್ದು ಬ್ಯಾಡ. ಗ್ಯಾನಪ್ಪನ ಹೇಣ್ತಿ ತಡಕೊಳ್ಳಾಂಗಿಲ್ಲ.”

*

ಹೊಸಬರಿಗೆ ತರಬೇತಿ ಕೊಡುವಾಗ ಗ್ಯಾನಪ್ಪ ರಬ್ಬರ್ ಗೊಂಬೆಯ ಪಕ್ಕ ಖಾಲಿ ಕುರ್ಚಿ ಇಡುತ್ತಿದ್ದ. ಗೊಂಬೆಯ ಎದೆ ಒತ್ತಿ ಮುಗಿಸಿದವರು ಹಾಗೇ ಎದ್ದು ಹೋಗುವಂತಿರಲಿಲ್ಲ. ಕುರ್ಚಿಯಲ್ಲಿ ಸತ್ತವನ ಹೆಂಡತಿ ಕೂತಿದ್ದಾಳೆಂದುಕೊಂಡು, ನಡೆದದ್ದನ್ನೆಲ್ಲ ಹೇಳಬೇಕಿತ್ತು.

“ಅವರಿಗೆ ನೋವಾಗಲಿಲ್ರಿ,” ತನ್ನ ಸರದಿ ಬಂದಾಗ ಕುರ್ಚಿಗೆ ಹೇಳಿದ್ದಳು ನಾಹಿದಾ.

“ನಿನಗ್ಹೆಂಗ ಗೊತ್ತು?” ಗ್ಯಾನಪ್ಪ ಗದರಿದ್ದ. “ಎಲುಬು ಮುರದ್ರ ಮುರೀಲಿ, ಜೀವ ದೊಡ್ಡದು. ಆದ್ರ ಮುರದಾಕಿ ನೀನ ಹೋಗಿ ಹೇಳಬೇಕು. ಅವರ ಮನಿಷ್ಯಾನ ಕಡೀ ಗಳಿಗಿ ನಮ್ಮದಲ್ಲ, ಅವರದು. ಮುಚ್ಚಿಟ್ರ ಕಳವು ಮಾಡಿದಂಗ.”

*

ನಾಹಿದಾ ಜನರನ್ನು ಸರಿಸಿಕೊಂಡು ಹೋಗಿ ಗ್ಯಾನಪ್ಪನ ಹೆಂಡತಿ ಗದ್ದೆಮ್ಮನ ಮುಂದೆ ಕೂತಳು.

“ಯಾರೂ ಬಡದಿಲ್ರಿ. ಹಾರ್ಟ್ ನಿಂತಿತ್ತು, ಅದಕ್ಕ ನಾ ಎದಿ ಒತ್ತಿದೆ. ಸಿಂಧನೂರು ದವಾಖಾನಿ ಮುಟ್ಟೋತನಕ ಒತ್ತಿದೆ. ಎಲುಬು ಮುರದಾಕಿ ನಾನ.”

ಸಿದ್ದರಾಮೇಶ ತಂಬಿಗೆ ಕೆಳಗಿಟ್ಟ. ಗದ್ದೆಮ್ಮ ತಲೆಯೆತ್ತಿದಳು.

“ಅವರಿಗೆ ನೋವಾತೇನವಾ?”

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ನಾಹಿದಾಳಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

“ಆತ್ರಿ. ದಾರ್ಯಾಗ ಒಮ್ಮೆ ಕಣ್ಣು ಬಿಟ್ರು. ಸಾಕು ಅನ್ನೋರಂಗ ನನ್ನ ಕೈ ಗಟ್ಟಿ ಹಿಡದ್ರು. ಹಾರ್ಟ್ ತಾನಾಗಿ ನಡೀತಿರಲಿಲ್ಲ, ಒತ್ತೋದು ಬಿಟ್ರ ಜೀವ ಹೋಗತಿತ್ತು. ಅವರ ಕೈ ಬಿಡಿಸಿ ಮತ್ತ ಒತ್ತಿದೆ.”

“ಏನರ ಅಂದ್ರೇನು?”

“ಇಲ್ರಿ. ನನ್ನ ನೋಡಿದ್ರು, ಅಷ್ಟ.”

ಗದ್ದೆಮ್ಮ ಅವಳ ಹತ್ತಿರ ಸರಿದಳು.

“ಯಾವ ಕೈ?”

ನಾಹಿದಾ ಬಲಗೈ ಚಾಚಿದಳು. ಗದ್ದೆಮ್ಮ ಅವಳ ಅಂಗಿಯ ತೋಳು ಮೇಲೆ ಸರಿಸಿದಳು. ಮಣಿಕಟ್ಟಿನ ಸುತ್ತ ಗ್ಯಾನಪ್ಪನ ಬೆರಳ ಗುರುತುಗಳು ಕಂದಿ ಮೂಡಿದ್ದವು. ಅವುಗಳ ಮೇಲೆ ತನ್ನ ಬೆರಳುಗಳನ್ನು ಒಂದೊಂದಾಗಿ ಇಟ್ಟಳು.

ಪೊಲೀಸರ ಮಾತು ಬಿಟ್ಟು ಸಿದ್ದರಾಮೇಶನೇ ಮೊದಲು ಹೆಗಲು ಕೊಟ್ಟ; ಹೆಣ ಎತ್ತಿದರು. ಹೆಂಗಸರು ಏಳೆಂದು ಕರೆದರೂ ಗದ್ದೆಮ್ಮ ಆ ಕೈ ಬಿಡಲಿಲ್ಲ.