ನಾಲ್ಕು ಬಾಣ, ಎರಡು ಗುಂಡಿ

ಶರಣಕುಮಾರನ ಬಲಗೈಯ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳುಗಳೂ ಹೋಗಿ ನಾಲ್ಕು ವರ್ಷವಾಗಿತ್ತು. ತಾಂಡೂರಿನ ಹೊರಗೆ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ, ತಿರುಗುವ ಗರಗಸದ ಕೆಳಗೆ ಸಿಕ್ಕಿಕೊಂಡ ಚೂರೊಂದನ್ನು ತೆಗೆಯಲು ಹೋಗಿ ಆದದ್ದು. ಈಗ ಅವನು ಅದೇ ಗರಗಸಕ್ಕೆ ಎಡಗೈಯಿಂದ ನೀರಿನ ಪೈಪು ಹಿಡಿದು ನಿಲ್ಲುತ್ತಾನೆ. ಸಂಜೆ ಮನೆಗೆ ಬರುವಾಗ ರೆಪ್ಪೆಯ ಕೂದಲಿಗೆ ಕಲ್ಲಿನ ಬೂದುಗೆಸರು ಒಣಗಿ ಅಂಟಿರುತ್ತದೆ.

ಒಂದು ಕೈಯಿಂದ ಆಗದ ಕೆಲಸಗಳಿಗೆ ಮನೆಯವರು ಒದಗುತ್ತಿದ್ದರು. ಅವ್ವ ಈಶಮ್ಮ ರೊಟ್ಟಿ ಮುರಿದು ತಾಟಿಗೆ ಹಾಕುವಳು, ಬೆಲ್ಟು ಬಿಗಿಯುವಳು, ಉಗುರು ತೆಗೆಯುವಳು. ಇಪ್ಪತ್ತೆಂಟರ ಗಂಡಸು ಅದನ್ನೆಲ್ಲ ಗೋಡೆ ನೋಡುತ್ತ ಮಾಡಿಸಿಕೊಳ್ಳುತ್ತಿದ್ದ. ಅವನು ಯಾರ ಮುಖವನ್ನಾದರೂ ನೋಡಿ, ನಗುತ್ತ, ಎರಡನೆಯ ಕೈ ಪಡೆಯುತ್ತಿದ್ದುದು ಒಂದೇ ಕಡೆ: ತಂಗಿ ಯಾಮಿನಿಯೊಡನೆ ಆಟಕ್ಕೆ ಕೂತಾಗ.

ಟೀವಿಗೆ ಜೋಡಿಸಿ, ಎರಡೂ ಕೈಯಲ್ಲಿ ಗುಂಡಿಗಳ ಹಿಡಿಕೆಯೊಂದನ್ನು ಹಿಡಿದು ಆಡುವ ಗೇಮಿನ ಡಬ್ಬಿ ಅದು. ಅಪಘಾತಕ್ಕೆ ಮೊದಲೇ ಜಹೀರಾಬಾದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದ. ಅದರಲ್ಲಿ ಇಬ್ಬಿಬ್ಬರು ಎದುರುಬದುರಾಗಿ ಹೊಡೆದಾಡುವ ಆಟವೊಂದಿತ್ತು. ಶರಣಕುಮಾರ ಯಾವಾಗಲೂ ಆರಿಸುತ್ತಿದ್ದುದು ಹಸಿರು ನಿಲುವಂಗಿಯ ಗಡ್ಡದ ಮುದುಕನನ್ನು. ಅವನ ನಿಜವಾದ ಹೆಸರು ಯಾವುದೋ ಅರಿಯದ ಲಿಪಿಯಲ್ಲಿತ್ತು. ಮನೆಯಲ್ಲಿ ಎಲ್ಲರೂ ಬಾಬಾ ಅನ್ನುತ್ತಿದ್ದರು. ಬಾಬಾನ ಗುದ್ದಿಗೆ ಬಲವಿಲ್ಲ, ಕಾಲಿಗೆ ಓಟವಿಲ್ಲ. ಆದರೆ ಅವನಿಗೊಂದು ಮಂತ್ರವಿತ್ತು. ಹಿಡಿಕೆಯ ಎಡಬದಿಯ ಬಾಣಗಳನ್ನು ಕೆಳಗೆ, ಹಿಂದೆ, ಕೆಳಗೆ, ಮುಂದೆ ಎಂದು ಒತ್ತಿ, ಆ ಕೊನೆಯ ಬಾಣವನ್ನು ಬಿಡುವಷ್ಟರಲ್ಲಿ ಬಲಬದಿಯ ಎರಡು ಗುಂಡಿಗಳನ್ನು ಕೂಡಿಸಿ ಒತ್ತಿದರೆ ಮುದುಕನ ತುಟಿ ಅಲ್ಲಾಡುತ್ತಿತ್ತು, ಎರಡೂ ಅಂಗೈಯಿಂದ ಬೆಂಕಿಯ ಗಾಲಿಯೊಂದು ಹೊರಟು ಎದುರಾಳಿಯನ್ನು ಪರದೆಯ ಆ ಕೊನೆಗೆ ಎಸೆಯುತ್ತಿತ್ತು. ಕೊಂಚ ಮೊದಲಾದರೂ ಇಲ್ಲ, ಕೊಂಚ ತಡವಾದರೂ ಇಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಡಬ್ಬಿಯನ್ನು ಹಾಸಿಗೆಯ ಕೆಳಗೆ ತಳ್ಳಿದ್ದ. ಹೊರಗೆ ಎಳೆದವಳು ಯಾಮಿನಿ. ಅಣ್ಣನ ಬಲಕ್ಕೆ ಒತ್ತಿ ಕೂತು, ಹಿಡಿಕೆಯ ಆ ಬದಿಗೆ ತನ್ನ ಕೈ ಇಟ್ಟು, "ಬಾಣ ನಿಂದು, ಗುಂಡಿ ನಂದು. ನಡಿ," ಅಂದಿದ್ದಳು.

ಮೊದಲ ತಿಂಗಳೆಲ್ಲ ಬಾಬಾ ಒದೆ ತಿಂದ. ಶರಣಕುಮಾರ ಬಾಯಲ್ಲಿ ಎಣಿಸುತ್ತಿದ್ದ, ಅವಳು ಎಣಿಕೆ ಕೇಳಿ ಒತ್ತುತ್ತಿದ್ದಳು, ತಡವಾಗುತ್ತಿತ್ತು. ಆಮೇಲೆ ಎಣಿಕೆ ಬಿಟ್ಟರು. ಅವನ ಮೊಣಕೈ ಅವಳ ಪಕ್ಕೆಗೆ ತಾಗಿರುತ್ತಿತ್ತು. ನಾಲ್ಕನೆಯ ಬಾಣಕ್ಕೆ ಅವನ ತೋಳಿನಲ್ಲಿ ಏಳುವ ಸಣ್ಣ ಬಿಗಿತ ಅವಳಿಗೆ ಸಾಕಾಯಿತು. ಒಂದು ಸಂಜೆ ಬೆಂಕಿ ಬಂತು. ಮರುದಿನವೂ ಬಂತು. ಮುಂದೆ ಬೇಕೆಂದಾಗಲೆಲ್ಲ ಬಂತು.

ಈಶಮ್ಮ ಒಲೆಯ ಮುಂದಿನಿಂದ ಕೂಗುವಳು: "ಆ ಮುದುಕಗ ಬೆಂಕಿ ಹಚ್ಚಾಕ ಇಬ್ರು ಬೇಕು. ಇಲ್ಲಿ ಒಲಿ ಹಚ್ಚಾಕ ಒಬ್ರೂ ಏಳವಲ್ರಿ."

"ಅವ್ವಾ, ಇದು ಗ್ಯಾಸಿನ ಒಲಿ. ಕಡ್ಡಿ ಗೀರಿದ್ರ ಆತು," ಅನ್ನುವಳು ಯಾಮಿನಿ, ಟೀವಿಯಿಂದ ಕಣ್ಣು ಕೀಳದೆ.

ಮಾಘದಲ್ಲಿ ಅವಳ ಮದುವೆಯಾಯಿತು. ಹುಡುಗ ಸುಮನ್, ನಾರಾಯಣಖೇಡಿನವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯವನು ಎಂದು ಮೊದಲು ಹೇಳಿದವನೇ ಶರಣಕುಮಾರ.

ಅವಳು ಹೋದ ಮೇಲೆ ಅವನು ಒಬ್ಬನೇ ಪ್ರಯತ್ನಿಸಿದ. ಉಳಿದ ಎರಡು ಬೆರಳು ಗುಂಡಿಗಳವರೆಗೆ ಬಾಗುತ್ತಿರಲಿಲ್ಲ. ಹಿಡಿಕೆಯನ್ನು ನೆಲದ ಮೇಲಿಟ್ಟು ಹಿಮ್ಮಡಿಯಿಂದ ಒತ್ತಿದ, ಗದ್ದದಿಂದ ಒತ್ತಿದ. ಒಂದು ಗುಂಡಿ ಒತ್ತಿದರೆ ಇನ್ನೊಂದು ಉಳಿಯುತ್ತಿತ್ತು. ಒಮ್ಮೆ ಅವ್ವ ನೋಡಿ, "ನಾ ಒತ್ತಲೇನೋ?" ಅಂದಳು. ಅವನು ಟೀವಿ ಆರಿಸಿದ. ಯಾಮಿನಿ ಫೋನಿನಲ್ಲಿ ಕೇಳಿದಾಗ, "ಎಲ್ಲಿ ಟೈಮ್ ಅದ. ಕಾರ್ಖಾನಿ ಡಬಲ್ ಪಾಳಿ ನಡದದ," ಅಂದ.

ನಾಗರ ಪಂಚಮಿ ಬರಲಿ ಅಂತ ಕಾದ. ಪಂಚಮಿಗೆ ತಂಗಿಯನ್ನು ತವರಿಗೆ ಕರೆತರುವುದು ಅಣ್ಣನ ಪಾಲು. ಅದಕ್ಕೆ ಯಾರೂ ಅಡ್ಡ ಹೇಳುವಂತಿಲ್ಲ. ಐದು ದಿನ ಸಿಗುತ್ತಿತ್ತು. ಹೊರಡುವ ಹಿಂದಿನ ದಿನ ಡಬ್ಬಿ ಒರೆಸಿದ, ಹಿಡಿಕೆಯ ಗುಂಡಿಗಳ ಸಂದಿಯ ಧೂಳನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದ. ಅವ್ವ ಜೋಳದ ಅಳ್ಳು ಹುರಿಯುತ್ತ ನೋಡುತ್ತಿದ್ದಳು.

ಬೆಳಿಗ್ಗೆ ಜಹೀರಾಬಾದಿನವರೆಗೆ ಒಂದು ಬಸ್ಸು, ಅಲ್ಲಿಂದ ಸುಮನ್‌ನ ಊರು ಖೇಡಕ್ಕೆ ಇನ್ನೊಂದು. ರಸ್ತೆಯ ಎರಡೂ ಕಡೆ ತೊಗರಿ ಮೊಣಕಾಲೆತ್ತರ ಬಂದಿತ್ತು, ನಡುನಡುವೆ ಹೆಸರು ಕಾಯಿ ಕಟ್ಟಿತ್ತು. ಎಡಗೈ ಹೆಬ್ಬೆರಳು ತೊಡೆಯ ಮೇಲೆ ತನ್ನಷ್ಟಕ್ಕೆ ಕೆಳಗೆ, ಹಿಂದೆ, ಕೆಳಗೆ, ಮುಂದೆ ಅನ್ನುತ್ತಿತ್ತು.

ಸುಮನ್ ಬಾಗಿಲಲ್ಲೇ ಎದುರಾದ. ಚೀಲ ಇಸಿದುಕೊಂಡು, ನೀರು ಕೊಟ್ಟು, ತಾನೇ ಚಹಾ ಮಾಡಿ ತಂದ. ಒಳಕೋಣೆಯಲ್ಲಿ ಟೀವಿಯ ಕೆಳಗೆ ಅಂಥದೇ ಕರಿಯ ಡಬ್ಬಿ ಇತ್ತು. ಶರಣಕುಮಾರ ನೋಡುವುದನ್ನು ಕಂಡು ಸುಮನ್ ನಾಚಿದ.

"ನಾನೂ ಜಹೀರಾಬಾದದಾಗೇ ಹುಡುಕಿ ತಂದೀನ್ರಿ ಭಾವಾ. ಈಕಿ ಬಂದ ಹೊಸದರಾಗ ಊಟಾ ಸೈತ ಬರೋಬರ್ ಮಾಡ್ತಿದ್ದಿಲ್ಲ. ಏನ್ ಬೇಕು ಅಂದ್ರ ಏನೂ ಬ್ಯಾಡ ಅಂತಿದ್ಳು. ಆಮ್ಯಾಗ ಇದರ ಸುದ್ದಿ ಹೇಳಿದ್ಳು."

"ಆಡ್ತೀರೇನ್ರಿ?"

"ಆಡ್ತೀನಿ, ಎಡಗೈಲೇ. ಎರಡೂ ಕೈ ಹಚ್ಚಿದ್ರ ಈಕಿ ಸಿಟ್ಟಿಗೇಳ್ತಾಳ. ಗುಂಡಿ ನಂದು ಅಂತಾಳ." ಸುಮನ್ ಗ್ರೀಸಿನ ಕಲೆ ಹೋಗದ ತನ್ನ ಬೆರಳುಗಳನ್ನು ನೋಡಿಕೊಂಡ. "ನಟ್ಟು ಬೋಲ್ಟಿನ ಕೈರಿ ಇವು. ಭಾಳ ಸಾವಕಾಶ."

"ಸಾವಕಾಶ ಅಲ್ಲ, ಎತ್ತಿನ ಬಂಡಿ," ಅಂದಳು ಯಾಮಿನಿ ಒಳಗಿನಿಂದ, ಸೀರೆ ಮಡಚುತ್ತ. ಸುಮನ್ ನಕ್ಕ. ಶರಣಕುಮಾರನೂ ನಕ್ಕ. ಚಹಾ ಬಿಸಿಯಿತ್ತು, ಬೇಗ ಕುಡಿದ.

ಹಿಂದಿರುಗುವ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿರಲಿಲ್ಲ. "ನಂದು ಫುಕಟ್. ರೊಕ್ಕಾ ಕೊಡಾವ ನೀ ಒಬ್ಬನೇ," ಅಂದಳು ಯಾಮಿನಿ. ಕಿಟಕಿಯ ಕಡೆ ಕೂತು ಅತ್ತೆಯ ಮಂಡಿನೋವು, ನೀರು ಬಿಡುವ ಹೊತ್ತು, ಸುಮನ್ ಒಮ್ಮೆ ಉಪ್ಪಿಟ್ಟಿಗೆ ಸಕ್ಕರೆ ಹಾಕಿದ್ದು, ಎಲ್ಲ ಹೇಳಿದಳು. ಅವನು ಹೂಂಗುಟ್ಟುತ್ತಿದ್ದ. ಅವಳು ಸುಖವಾಗಿದ್ದಾಳೆ ಎಂಬುದು ಅವಳ ಮಾತಿನ ಪ್ರತಿ ತಿರುವಿನಲ್ಲೂ ಇತ್ತು. ಅದಕ್ಕೆ ಅವನು ನಿಜವಾಗಿಯೂ ಹಿಗ್ಗಿದ. ಮನೆಯ ಆಟದ ಮಾತೇ ಬೇರೆ, ಅದು ಮೂರು ವರ್ಷದ ಆಟ ಅಂತ ಮನಸ್ಸಿನಲ್ಲಿ ಅಂದುಕೊಂಡ.

ಮರುದಿನ ಮಧ್ಯಾಹ್ನ ಉಂಡಾದ ಮೇಲೆ ಕೂತರು. ಅವಳು ತನ್ನ ಜಾಗಕ್ಕೆ, ಅವನ ಬಲಕ್ಕೆ, ಯಾರೂ ಹೇಳದೆಯೇ ಬಂದು ಕೂತಳು. ಬಾಬಾ ಪರದೆಯ ಮೇಲೆ ನಿಂತ. ಎದುರಿಗೆ ಕಬ್ಬಿಣದ ಎದೆಕವಚದ ದಡಿಯ.

ಶರಣಕುಮಾರ ಒತ್ತಿದ. ಕೆಳಗೆ, ಹಿಂದೆ, ಕೆಳಗೆ, ಮುಂದೆ.

ಬಾಬಾ ಖಾಲಿ ಗಾಳಿಗೆ ಗುದ್ದಿದ.

"ಚಾಲೂ ಆಗ್ಲಿ, ಕೈ ಜಡ ಆಗ್ಯದ," ಅಂದಳು ಯಾಮಿನಿ.

ಮತ್ತೆ ಒತ್ತಿದ. ಇಲ್ಲ. ಇನ್ನೊಮ್ಮೆ. ಇಲ್ಲ. ಬಾಬಾ ಮೂರು ಪಂದ್ಯ ಸೋತ.

"ಹಿಡಿಕೀನೇ ಕೆಟ್ಟದೇನೋ," ಅಂದಳು ಅವಳು.

"ಕೆಟ್ಟಿಲ್ಲ. ನೀ ತಡಾ ಒತ್ತಲಾಕತ್ತಿ."

"ನಾ ಬರೋಬರ್ ಒತ್ತಲಾಕತ್ತೀನಿ."

ಅವನು ಮುಂದಿನ ಸಲ ಪರದೆ ನೋಡಲಿಲ್ಲ. ಅವಳ ಕೈ ನೋಡಿದ. ತನ್ನ ನಾಲ್ಕನೆಯ ಬಾಣ ಮುಗಿದಿತ್ತು. ಅವಳ ಎರಡು ಬೆರಳು ಗುಂಡಿಗಳ ಮೇಲೆ ಎದ್ದು ನಿಂತು, ಏನನ್ನೋ ಕಾದು, ಆಮೇಲೆ ಇಳಿದವು. ಎಷ್ಟೋ ಹೊತ್ತೇನಲ್ಲ, ಒಂದು ರೆಪ್ಪೆ ಬಡಿಯುವಷ್ಟು. ಗಡಬಡಿಸಿದ ಕೈ ಅದಲ್ಲ. ನಾಲ್ಕೈದು ತಿಂಗಳು ದಿನವೂ ಅಷ್ಟೇ ಹೊತ್ತು ಕಾದು, ಅದಕ್ಕೆ ಒಗ್ಗಿಹೋಗಿದ್ದ ಕೈ.

ಅವನಿಗೆ ಡಿಪೋದ ಮೆಕ್ಯಾನಿಕ್ಕು ಹಿಡಿಕೆಯ ಮೇಲೆ ಹೆಬ್ಬೆರಳಿಟ್ಟುಕೊಂಡು, ನಾಲಗೆ ಕಚ್ಚಿ, ಒಂದೊಂದೇ ಬಾಣ ಹುಡುಕುತ್ತಿರುವುದು ಕಣ್ಣಿಗೆ ಕಟ್ಟಿತು. ಬೈಯಲು ಮನಸ್ಸಾಗಲಿಲ್ಲ. ಆ ಮನುಷ್ಯ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೆಂಡತಿ ಅಳದಿರಲಿ ಅಂತ ಇದ್ದ ಕೈಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಆಡಿದ್ದ, ಅಷ್ಟೇ.

ಐದು ದಿನದಲ್ಲಿ ಹಳೇ ಹೊತ್ತನ್ನು ಮತ್ತೆ ಕಲಿಸಬಹುದಿತ್ತು. ಹಾಗೆ ಕಲಿಸಿದರೆ ಆರನೆಯ ದಿನ ಅವಳು ಖೇಡಕ್ಕೆ ಹೋಗಿ, ಅಲ್ಲಿ ಗಂಡನ ಪಕ್ಕ ಕೂತು, ಬೇಗ ಒತ್ತುತ್ತಿದ್ದಳು. ಅಲ್ಲಿ ಬೆಂಕಿ ಬರುತ್ತಿರಲಿಲ್ಲ.

"ಇನ್ನೊಂದ್ ಸಲ," ಅಂದ.

ಈ ಸಲ ಹೆಬ್ಬೆರಳನ್ನು ತಡೆದು ಒತ್ತಿದ. ಕೆಳಗೆ. ಹಿಂದೆ. ಕೆಳಗೆ. ಮುಂದೆ ಒತ್ತಿ, ತಕ್ಷಣ ಬಿಡದೆ, ಬಂಡಿ ಎಳೆದಂತೆ ಎಳೆದ. ಅವಳ ಬೆರಳುಗಳು ಇಳಿದವು. ಬಾಬಾನ ತುಟಿ ಅಲ್ಲಾಡಿತು, ಬೆಂಕಿಯ ಗಾಲಿ ಉರುಳಿತು, ದಡಿಯ ಆ ಕೊನೆಗೆ ಹೋಗಿ ಬಿದ್ದ.

"ನೋಡಿದ್ಯಾ, ಬಂತು," ಅಂದಳು ಯಾಮಿನಿ. ಅವನ ತೊಡೆಗೆ ಹೊಡೆದಳು. ಅಡುಗೆಮನೆಯಿಂದ ಈಶಮ್ಮ ಕತ್ತು ಚಾಚಿ, "ಹತ್ತಿತೇನವಾ ಒಲಿ?" ಅಂದಳು.

"ಹತ್ತಿತವ್ವಾ."

ದಡಿಯ ಎದ್ದು ಬರುತ್ತಿದ್ದ. ಶರಣಕುಮಾರ ಮತ್ತೆ ಹಾಗೆಯೇ ಒತ್ತಿದ. ಬೆಂಕಿ ಮತ್ತೆ ಬಂತು. ಮೂರನೆಯ ಸಲವೂ ಬಂತು. ಆ ಸಲ ಅವಳು ನಗಲಿಲ್ಲ. ಅವಳ ಪಕ್ಕೆ ಅವನ ಮೊಣಕೈಗೆ ತಾಗಿಯೇ ಇತ್ತು. ಅಲ್ಲಿಂದ ಬರುತ್ತಿದ್ದ ಎಳೆತ ಯಾರದೆಂದು ಅವಳಿಗೆ ತಿಳಿಯಿತು. ಅವಳ ಕೈ ಹಿಡಿಕೆಯಿಂದ ಜಾರಿ ಮಡಿಲಿಗೆ ಬಂತು.

"ಅಣ್ಣಾ."

"ಹೂಂ."

"ನೀ ಅವ್ರಂಗ ಆಡಬ್ಯಾಡ."

ಅವನು ಅವಳ ಕಡೆ ತಿರುಗಿದ. ಅವಳ ಮುಖ ಕೆಂಪಾಗಿತ್ತು, ಏನನ್ನೋ ಕದ್ದು ಸಿಕ್ಕಿಬಿದ್ದವಳಂತೆ. ಅವನಿಗೆ ಅದು ಬೇಕಿರಲಿಲ್ಲ.

"ಮತ್ತ ಹ್ಯಾಂಗ ಆಡ್ಲಿ, ಯಾಮಿ?" ಅಂದ. ಬೈದು ಕೇಳಿದ್ದಲ್ಲ. ಗೊತ್ತಿದ್ದರೆ ಹೇಳಲಿ ಅಂತಲೇ ಕೇಳಿದ.

ಅವಳು ಟೀವಿಯ ಕಡೆ ತಿರುಗಿದಳು. ಪರದೆಯ ಮೇಲೆ ದಡಿಯ ಹತ್ತಿರ ಬಂದು ಬಾಬಾನನ್ನು ಹೊಡೆಯತೊಡಗಿದ. ಮುದುಕ ಪ್ರತಿ ಏಟಿಗೂ ಒಂದು ಹೆಜ್ಜೆ ಹಿಂದೆ ಸರಿದ. ಇಬ್ಬರೂ ನೋಡುತ್ತ ಕೂತರು, ಯಾರೂ ಬೆರಳೆತ್ತಲಿಲ್ಲ.