ಹನ್ನೊಂದನೆಯ ಸಾಲು

ಹಡಗಿನ ಗಡಿಯಾರ ತಪ್ಪು ನಡೆದರೂ ಚಿಂತೆಯಿಲ್ಲ, ದಿನಾ ಅಷ್ಟೇ ತಪ್ಪಬೇಕು. ನಾಲ್ಕು ಸೆಕೆಂಡು ಹಿಂದೆ ಬೀಳುವುದಾದರೆ ನಾಲ್ಕೇ. ಆ ಲೆಕ್ಕ ಕೈಯಲ್ಲಿದ್ದರೆ ಕಪ್ತಾನನಿಗೆ ನಡುಗಡಲಲ್ಲೂ ತಾನೆಲ್ಲಿದ್ದೇನೆಂದು ಗೊತ್ತು. ಇಲ್ಲವಾದರೆ ನಾಲ್ಕು ಸೆಕೆಂಡಿಗೆ ಒಂದು ಮೈಲಿ ಆಚೀಚೆ. ಬಂಡೆಗೆ ಬಡಿಯಲು ಅಷ್ಟು ಸಾಕು.

ಮದುವೆಯ ಹೊಸತರಲ್ಲಿ ಗಂಡ ಇದನ್ನು ಹೇಳಿಕೊಟ್ಟಾಗ ಆಕೆ ನಕ್ಕಿದ್ದಳು. "ಹಾಗಿದ್ರೆ ನೀವೂ ಒಳ್ಳೆ ಗಡಿಯಾರಾನೇ. ದಿನಾ ಊಟಕ್ಕೆ ಅರ್ಧ ಗಂಟೆ ತಡ."

ಈಗ ಅವನಿಲ್ಲ. ಗಡಿಯಾರದಂಗಡಿ ಉಳಿದಿದೆ, ಅತ್ತೆ ಉಳಿದಿದ್ದಾರೆ, ಕಪ್ತಾನ ಪರೀಕ್ಷೆಗೆ ಬಿಟ್ಟುಹೋದ ಗಡಿಯಾರ ಉಳಿದಿದೆ. ಬೆಳಿಗ್ಗೆ ಎಂಟಕ್ಕೆ ಏಳೂವರೆ ಸುತ್ತು ಕೀಲಿ. ಮಧ್ಯಾಹ್ನ ಒಂದಕ್ಕೆ ಹಡಗುಗಳಿಗೆ ಸರಿ ಹೊತ್ತು ತೋರಿಸಲು ಬಂದರಿನ ಗೋಪುರದಲ್ಲಿ ಕರಿ ಚೆಂಡು ಬೀಳುವುದನ್ನು ಅಟ್ಟದ ಕಿಟಕಿಯಿಂದ ನೋಡಿ, ಹಿಂದಿನ ಸಲಕ್ಕಿಂತ ಗಡಿಯಾರ ಎಷ್ಟು ಸೆಕೆಂಡು ಹಿಂದೆ ಬಿತ್ತೆಂದು ಹಾಳೆಯಲ್ಲಿ ಬರೆಯಬೇಕು. ಮೂವತ್ತು ದಿನ, ಮೂವತ್ತು ಸಾಲು.

ಹನ್ನೊಂದನೆಯ ದಿನ ಗಂಡ ಸ್ಟೂಲಿನ ಮೇಲೆ ಕೂತಲ್ಲೇ ಹೋಗಿಬಿಟ್ಟ. ಅವತ್ತು ಯಾರೂ ಕೀಲಿ ಕೊಡಲಿಲ್ಲ. ಒಮ್ಮೆ ಕೀಲಿ ಕೊಟ್ಟರೆ ಎರಡು ದಿನ ಓಡುವ ಗಡಿಯಾರ, ನಿಲ್ಲಲಿಲ್ಲ, ನಿಧಾನವಾಯಿತಷ್ಟೇ. ಮರುದಿನ ಆಕೆ ನೋಡಿದಾಗ ಎರಡೂ ದಿನಕ್ಕೆ ಸೇರಿ ಹನ್ನೊಂದು ಸೆಕೆಂಡು ಹಿಂದೆ ಬಿದ್ದಿತ್ತು. ಒಂದು ಸಾಲು ಖಾಲಿ ಬಿಟ್ಟು, ಹಾಗೆಯೇ ಬರೆದಿದ್ದಳು.

ಕಪ್ತಾನನಿಗೆ ಹಾಳೆ ಒಪ್ಪಿಸುವ ದಿನ ಬೆಳಿಗ್ಗೆ ನೋಡಿದರೆ ಆ ಎರಡೂ ಸಾಲಿನಲ್ಲಿ ನಾಲ್ಕು, ನಾಲ್ಕು. ಮೂರು ಸೆಕೆಂಡು ಮಾಯ.

"ಅತ್ತೆ, ಈ ನಾಲ್ಕು ನಿಮ್ಮದು. ಕೊಕ್ಕರೆ ಥರ ಕತ್ತು ಬಗ್ಗಿಸಿದೆ."

ಅತ್ತೆ ಬಟ್ಟೆ ಮಡಿಸುತ್ತಲೇ ಇದ್ದರು. "ದಿನಾ ನಾಲ್ಕೇ ಅಲ್ವೇನೇ? ಅದೊಂದು ದಿನ ಬೇರೆ ಆಗತ್ತಾ?"

"ಆಗಿತ್ತು ಅತ್ತೆ."

"ನೀನೊಬ್ಬಳು ಸತ್ಯವಂತೆ! ಹಾಳೇಲಿ ತೂತು ಕಂಡ್ರೆ ಕಪ್ತಾನ ಎದುರು ಅಂಗಡಿಗೆ ಹೋಗ್ತಾನೆ. ಅವನ ಹಿಂದೆ ಮಿಕ್ಕವರೂ. ಆಮೇಲೆ ನಾವಿಬ್ಬರೂ ಗಾಳಿ ತಿಂದ್ಕೊಂಡಿರೋಣ." ಮಡಿಸಿದ ಬಟ್ಟೆ ಪಕ್ಕಕ್ಕಿಟ್ಟು, "ಆ ಸಾಲು ಖಾಲಿ ಇರೋದು ನನ್ನ ಕೈಲಿ ನೋಡಕ್ಕಾಗಲ್ಲ ಕಣೇ," ಎಂದರು.

ಆಕೆ ರಬ್ಬರು ತೆಗೆದುಕೊಂಡು ಎರಡೂ ನಾಲ್ಕು ಅಳಿಸಿದಳು. ಹನ್ನೆರಡನೆಯ ಸಾಲಿನಲ್ಲಿ ಮತ್ತೆ ಹನ್ನೊಂದು ಬರೆದಳು.

ಹನ್ನೆರಡೂವರೆಗೆ ಬಂದ ಕಪ್ತಾನ ಹಾಳೆಯ ಮೇಲೆ ಬೆರಳಿಟ್ಟ. "ಇಲ್ಲೇನಾಯ್ತಮ್ಮಾ?"

"ಅವತ್ತು ಕೀಲಿ ಕೊಡಲಿಲ್ಲ. ಚೆಂಡೂ ನೋಡಲಿಲ್ಲ."

ಯಾಕೆಂದು ಕೇಳಹೊರಟವನು ಖಾಲಿ ಸ್ಟೂಲು ನೋಡಿ ಹಾಳೆಯಿಂದ ಬೆರಳು ತೆಗೆದ. "ಇದನ್ನ ನಂಬಿ ನಾಳೆ ಹೊರಡೋಕಾಗಲ್ಲ."

"ಗೊತ್ತು."

"ಈ ಸಲ ಎದುರಿನವರ ಹತ್ರ ಒಂದು ಬಾಡಿಗೆಗೆ ತಗೋತೀನಿ." ಬಾಗಿಲವರೆಗೆ ಹೋಗಿ ತಿರುಗಿದ. "ಇದು ಇಲ್ಲೇ ಇರಲಿ. ಮೊದಲಿಂದ ನೋಡಿ."

ಅವನು ಬೀದಿ ದಾಟುವುದನ್ನು ಅತ್ತೆ ನೋಡುತ್ತ ನಿಂತರು. "ಮತ್ತೆ ಮೂವತ್ತು ದಿನಾನಾ?"

"ಹೂಂ."

ಅತ್ತೆ ಹೊಸ ಹಾಳೆ ಹಾಸಿಕೊಂಡು ಗೆರೆ ಎಳೆಯಲು ಕೂತರು. ಒಂದಕ್ಕೆ ಐದು ನಿಮಿಷವಿತ್ತು. ಆಕೆ ಅಟ್ಟದ ಮೆಟ್ಟಿಲು ಹತ್ತಿದಳು.