ಗಾಜಿನ ಹಿಂದಿನ ಮೇಷ್ಟ್ರು

ಗಾಜಿನ ಮೇಲೆ ಬೆರಳಗೆಣ್ಣಿನ ಸದ್ದು: ಮೊದಲು ಅಂಜುತ್ತ ಒಂದು, ತುಸು ತಡೆದು ಇನ್ನೊಂದು, ಆಮೇಲೆ "ಜೋರಾಗಿ ತಟ್ರೀ, ಗಾಜಿಗೇನು ನೋವಾಗಲ್ಲ!" ಎಂಬ ಗದರಿಕೆ. ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದ ನನಗೆ ವಾರಕ್ಕೆ ಮೂರು ಸಂಜೆ ಗೋಡೆಯಾಚೆಯಿಂದ ಇದು ಕೇಳಿಸುತ್ತಿತ್ತು. ನಾಲ್ಕನೆಯ ವಾರ ದೂರು ಹೇಳಲೆಂದೇ ಎದ್ದು ಹೋದೆ. ಹೋದವನು ಕೊನೆಯ ಬೆಂಚಿನಲ್ಲಿ ಕೂತೆ, ಆ ವರ್ಷವೆಲ್ಲ ಅಲ್ಲಿಂದ ಏಳಲಿಲ್ಲ.

ಇಂಗ್ಲಿಷೊಂದೇ ನಡೆಯುವ ಆ ಪರದೇಶದ ಊರಿಗೆ ದುಡಿಯಲು ಬಂದ ನಮ್ಮ ಕಡೆಯ ದೊಡ್ಡವರಿಗೆ ಆ ಭಾಷೆ ಕಲಿಸುವ ತರಗತಿ ಅದು. ಮೇಷ್ಟ್ರು ಕೂರುತ್ತಿದ್ದುದು ಕೆಡವಿದ ಮನೆಯಿಂದ ತಂದ ಒಂದು ಕಿಟಕಿಯ ಹಿಂದೆ. ಅದನ್ನು ಮೇಜಿನ ಮೇಲೆ ನಿಲ್ಲಿಸಿ, ಗಾಜಿನ ಕೆಳಗೆ ಕಾಗದ ತೂರುವಷ್ಟು ಸಂದು ಬಿಟ್ಟುಕೊಂಡಿದ್ದರು. ಆ ಊರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಕಂದು ಕೋಟಿನ ಬಲ ಮೊಳಕೈ ಹಲಗೆಗೆ ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ನಡೆಯುವಾಗಲೂ ಯಾರದೋ ಪಿಸುಮಾತಿಗೆ ಕಿವಿಗೊಟ್ಟವರಂತೆ ಒಂದು ಪಕ್ಕಕ್ಕೆ ವಾಲಿರುತ್ತಿದ್ದರು. ಒಬ್ಬರ ಪಾಠ ಮುಗಿದರೆ ಶಹಬ್ಬಾಸ್ ಇಲ್ಲ, ಬೈಗುಳವೂ ಇಲ್ಲ. "ಮುಂದಿನವರು" ಅಷ್ಟೆ.

ಬೇರೆ ಮೇಷ್ಟ್ರುಗಳು ಭಾಷೆಯನ್ನು ಮಗುವಿಗೆ ತುತ್ತು ಮಾಡಿ ಇಟ್ಟ ಹಾಗೆ ನಿಧಾನವಾಗಿ ಕೊಡುತ್ತಾರೆ. ಇವರು ಮುಖ ನೋಡದೆ, ಕಚೇರಿಯ ಜನ ಮಾತಾಡುವ ಹಾಗೆಯೇ ಗಡಗಡ ಹೇಳಿ ಮುಗಿಸಿಬಿಡುತ್ತಿದ್ದರು; ತಿಳಿಯದವರು ಗಾಜು ತಟ್ಟಿ ಮತ್ತೆ ಕೇಳಬೇಕು. ಎದುರಿಗಿದ್ದವರು ದಿನವೆಲ್ಲ ದುಡಿದು ಬಂದ ಸಂಭಾವಿತರು. ಅರ್ಥವಾಗಲಿಲ್ಲವೆಂದು ಮತ್ತೆ ಮತ್ತೆ ಕೇಳಿ ಹಿರಿಯರನ್ನು ಪೀಡಿಸುವುದು ಮರ್ಯಾದೆಯಲ್ಲವೆಂದು ಕೋಲೆಬಸವನಂತೆ ತಲೆಯಾಡಿಸುವುದು ಅವರೆಲ್ಲರ ಅಭ್ಯಾಸ. ಮೇಷ್ಟ್ರ ಹಗೆಯೆಲ್ಲ ಆ ತಲೆಯಾಟದ ಮೇಲೆ. ಒಮ್ಮೆ ಹುಬ್ಬಿಗೆ ಹಿಟ್ಟು ಮೆತ್ತಿಕೊಂಡೇ ಬಂದಿದ್ದ ಬೇಕರಿಯವನಿಗೆ ಗಾಜಿನ ಹಿಂದಿನಿಂದ ಏನೋ ಹೇಳಿದರು. ಅವನು ಗಂಭೀರವಾಗಿ ತಲೆಯಾಡಿಸಿದ.

"ಏನಕ್ಕೆ ಒಪ್ಕೊಂಡೆ ಗೊತ್ತೇನಪ್ಪಾ?"

"ಫಾರಂ ತುಂಬೋದಕ್ಕೆ ಮೇಷ್ಟ್ರೇ."

"ಅಲ್ಲ. ನಿನ್ನ ಎರಡೂ ಕಿವಿ ಕೊಯ್ದು ರಿಜಿಸ್ಟರ್ ಅಂಚೇಲಿ ಕಳಿಸೋದಕ್ಕೆ."

"ಒಂದಾದ್ರೂ ಬಿಡಿ ಮೇಷ್ಟ್ರೇ, ಹೆಂಡ್ತಿ ಬೈಯೋದು ಕೇಳಿಸ್ಬೇಕಲ್ಲ!"

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಆಮೇಲೆ ಕಿಟಕಿಯ ಧೂಳು ಒರೆಸುತ್ತ ನನಗೆ ಹೇಳಿದರು: "ಮೂವತ್ತು ವರ್ಷ ನಾನು ಗಾಜಿನ ಒಳಗಡೆ ಇದ್ದೆ. ತಲೆ ಆಡಿಸಿದವರಿಗೆಲ್ಲ ತಿಳೀತು ಅಂದ್ಕೊಂಡು ಕಳಿಸ್ಬಿಟ್ಟೆ. ಅವರೆಲ್ಲ ಎಲ್ಲಿಗೆ ಹೋಗಿ ಏನು ಪಾಡುಪಟ್ಟರೋ."

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ತರಗತಿಗೆ ಬರುತ್ತಿದ್ದಳು. ಎಲ್ಲರಿಗೂ ಇಸ್ತ್ರಿ ಅಕ್ಕ. ಆಕೆಯ ಹೊಟ್ಟೆಯಲ್ಲಿ ಗಡ್ಡೆ. ಆಸ್ಪತ್ರೆಯಲ್ಲಿ ತಾಯಿಯ ಪರವಾಗಿ ಮಾತಾಡುತ್ತಿದ್ದವಳು ಹನ್ನೊಂದು ವರ್ಷದ ಮಗಳು.

"ಡಾಕ್ಟರು ಅಷ್ಟುದ್ದ ಮಾತಾಡಿದ್ರು. ಇವಳು ನನ್ನ ಕಡೆ ತಿರುಗಿ 'ಏನಿಲ್ವಂತಮ್ಮಾ, ಇನ್ನೊಂದ್ಸಲ ಬರಬೇಕಂತೆ' ಅಂದ್ಲು. ಅವತ್ತಿಂದ ಮಗೂಗೆ ಊಟ ಸೇರ್ತಿಲ್ಲ. ನನ್ನ ಕಾಯಿಲೇನ ಅದು ಹೊತ್ಕೊಂಡು ತಿರುಗ್ತಿದೆ ಮೇಷ್ಟ್ರೇ. ಮುಂದಿನ ಗುರುವಾರ ನಾನೊಬ್ಳೇ ಹೋಗಿ ಕೇಳ್ಕೋಬೇಕು."

ಒಂಬತ್ತು ದಿನ ಉಳಿದಿತ್ತು. ಮೇಷ್ಟ್ರು ರೋಗಗಳ ಹೆಸರು ಕಲಿಸಲು ಹೋಗಲಿಲ್ಲ. ತಿಳಿಯಲಿಲ್ಲ, ನಿಧಾನವಾಗಿ ಹೇಳಿ, ಬರೆದು ಕೊಡಿ: ಇಂಗ್ಲಿಷಿನಲ್ಲಿ ಈ ಮೂರೇ ಮಾತು. ಮೊದಲ ಬಾರಿಗೆ ಗಾಜಿನ ಹಿಂದಿನಿಂದ ಎದ್ದು ಬಂದು, ಒಂದು ಕೈ ಬಾಗಿಲ ಹಿಡಿಯ ಮೇಲಿಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತ, ಅವಸರದ ಡಾಕ್ಟರಾದರು. ತರಗತಿಯಿಲ್ಲದ ಸಂಜೆಗಳಲ್ಲೂ ಬಂದರು. ಅಕ್ಕನ ಬಾಯಿ ತಿಳಿಯಲಿಲ್ಲವೆನ್ನುತ್ತಿತ್ತು. ತಲೆ ಮಾತ್ರ ತನ್ನ ಪಾಡಿಗೆ ಹೂಂ ಹೂಂ ಎಂದು ಆಡುತ್ತಿತ್ತು. ಆರನೆಯ ದಿನ ಆಕೆ ಅತ್ತೇಬಿಟ್ಟಳು.

"ಅಷ್ಟು ಓದಿದೋರನ್ನ ನಾನು ಹ್ಯಾಗೆ ತಡೀಲಿ?"

"ಇಸ್ತ್ರಿಪೆಟ್ಟಿಗೆ ಕಾಯೋಕೆ ಮುಂಚೆ ಬಟ್ಟೆ ಮೇಲೆ ಎಳೀತೀರೇನಮ್ಮಾ? ಕಾಯಿಸ್ತೀರಲ್ಲ, ಹಾಗೇ ಅವರನ್ನೂ ಕಾಯಿಸಿ."

ಬೇಕರಿಯವನು ಮುಂದೆ ಬಂದ. "ಅಕ್ಕಾ, ಗಲ್ಲದ ಕೆಳಗೆ ಮುಷ್ಟಿ ಇಟ್ಕೋ. ಆಗ ಅದು ಹ್ಯಾಗೆ ಅಲ್ಲಾಡುತ್ತೋ ನೋಡೋಣ." ಮೇಷ್ಟ್ರು ಯೋಚಿಸಿ, ತಮ್ಮ ಗಲ್ಲಕ್ಕೂ ಮುಷ್ಟಿ ಕೊಟ್ಟು ನೋಡಿಕೊಂಡು, "ಇದು ನನಗೆ ಹೊಳೀಲಿಲ್ವಲ್ಲ!" ಎಂದರು. ಅವರು ಮತ್ತೊಬ್ಬರ ಜಾಣತನಕ್ಕೆ ಅಷ್ಟು ಸಂತೋಷಪಟ್ಟದ್ದನ್ನು ನಾನು ಅಂದೇ ನೋಡಿದ್ದು.

ಗುರುವಾರ ಸಂಜೆ ಮೇಷ್ಟ್ರ ಪಾಠ ಹಳಿ ತಪ್ಪಿತ್ತು. ಕೇಳಿದವರನ್ನೇ ಮತ್ತೆ ಕೇಳಿದರು. ಅಕ್ಕ ಬಂದದ್ದು ತಡವಾಗಿ, ಕೈಯಲ್ಲಿ ಮಡಿಸಿದ ಒಂದು ಚೀಟಿ.

"ಮೂರು ಸಲ ತಿಳೀಲಿಲ್ಲ ಅಂದೆ ಮೇಷ್ಟ್ರೇ. ಎರಡನೇ ಸಲ ಸಿಡುಕಿದ್ರು. ಮೂರನೇ ಸಲ ಕುರ್ಚಿ ಎಳ್ಕೊಂಡು ನನ್ನೆದುರಿಗೆ ಕೂತ್ರು. ಗಡ್ಡೆ ತೆಗೀಬೇಕಂತೆ. ತೆಗೆದ್ರೂ ಪೂರ್ತಿ ವಾಸಿಯಾಗುತ್ತೆ ಅಂತ ಈಗ್ಲೇ ಹೇಳೋಕಾಗಲ್ವಂತೆ. ಬರ್ಕೊಟ್ಟಿದಾರೆ."

ಮೇಷ್ಟ್ರು ಮೆಲ್ಲಗೆ ಕೇಳಿದರು: "ಮಗಳಿಗೆ?"

"ಸ್ಕೂಲಿಂದ ಬಂದ್ಮೇಲೆ ನಾನೇ ಹೇಳ್ದೆ, ನಮ್ಮ ಮಾತಲ್ಲೇ. ಅದಕ್ಕೆ ಮೊದಲೇ ಗೊತ್ತಿದ್ದ ಸುದ್ದಿ ತಾನೇ? ಆದ್ರೂ ಈಗ್ಲೇ ಕೇಳಿಸ್ಕೊಂಡ ಹಾಗೆ ಜೋರಾಗಿ ಅತ್ತುಬಿಡ್ತು. ಆಮೇಲೆ ತಟ್ಟೆ ತಂದು ಮುಂದಿಟ್ಕೊಂಡು, ಎರಡೆರಡು ಸಲ ಬಡಿಸ್ಕೊಂಡು ಊಟ ಮಾಡ್ತು."

ಅಂದು ಬೀಗ ಹಾಕಿ ಮೆಟ್ಟಿಲಿಳಿಯುವಾಗ ನಾನು ಮೇಷ್ಟ್ರಿಗೆ ಒಂದು ಮಾತು ಹೇಳಬೇಕೆಂದಿದ್ದೆ. ಕಲಿಸುವವರಲ್ಲಿ ಹೆಚ್ಚಿನವರು ಶಿಷ್ಯರ ಬಾಯಲ್ಲಿ ತಮ್ಮ ಮಾತು ಕೇಳಿ ಹಿಗ್ಗುತ್ತಾರೆ; ಆದರೆ ಅಪರೂಪಕ್ಕೆ ಇನ್ನೊಂದು ಬಗೆಯವರಿದ್ದಾರೆ, ಅವರ ಪಾಠ ಫಲಿಸುವುದು ಅವರು ಎಂದೂ ಕಾಲಿಡದ ಕೋಣೆಗಳಲ್ಲಿ, ಅವರ ಹೆಸರನ್ನೇ ಕೇಳದವರ ಎದುರಿನಲ್ಲಿ; ಅಲ್ಲಿ ಒಬ್ಬ ತಾಯಿ ತನ್ನ ಭಾರವನ್ನು ಮಗುವಿನ ಹೆಗಲಿನಿಂದ ಇಳಿಸಿ ತಾನೇ ಹೊತ್ತುಕೊಳ್ಳುವಾಗ ಇವರು ಯಾವ ಲೆಕ್ಕಕ್ಕೂ ಸೇರಿರುವುದಿಲ್ಲ, ಸೇರಬೇಕೆಂಬ ಆಸೆಯೂ ಇವರಿಗಿಲ್ಲ.

"ಮೇಷ್ಟ್ರೇ, ಕಲಿಸುವವರಲ್ಲಿ..." ಎಂದು ತೊಡಗಿದೆ.

"ಬಸ್ಸು ಬಂತು" ಎಂದು ಅವರು ರಸ್ತೆಗಿಳಿದು ಬಿರಬಿರನೆ ನಡೆದುಬಿಟ್ಟರು. ಕಣ್ಣು ಹಾಯುವಷ್ಟು ದೂರವೂ ಯಾವ ಬಸ್ಸೂ ಇರಲಿಲ್ಲ.